ಪಟ್ಟಿಯಲ್ಲಿ ಏಳನೆಯ ಹೆಸರು

2014 ಜುಲೈ 14, ಸೋಮವಾರ. ಬೆಳಿಗ್ಗೆ 9.40ಕ್ಕೆ ಸೀತಾಂಗೋಳಿಯ ಕಂಪ್ಯೂಟರ್ ತರಬೇತಿ ಕೇಂದ್ರದ ಮಾಲಕ ಧನರಾಜ್ ಠಾಣೆಗೆ ಬಂದು ದೂರು ಕೊಟ್ಟ. ಶನಿವಾರ ಸಂಜೆ ಬೀಗ ಹಾಕಿದ ಕೇಂದ್ರದಿಂದ ಒಂದು ಲ್ಯಾಪ್‌ಟಾಪ್ ಕಾಣೆಯಾಗಿತ್ತು. ಬೀಗ ಮುರಿದಿರಲಿಲ್ಲ. ಎಫ್.ಐ.ಆರ್. ದಾಖಲಿಸಿ ಎಸ್.ಐ. ಗೌರೀಶಂಕರ, ಕಾನ್‌ಸ್ಟೇಬಲ್ ಸುಧೀರನೊಂದಿಗೆ 10.30ಕ್ಕೆ ಸ್ಥಳಕ್ಕೆ ಹೋದರು.

ಎಸ್.ಐ. ಮಹಜರು ಬರೆಯುತ್ತಿದ್ದಾಗ ಸುಧೀರ ಒಂದು ಕಂಪ್ಯೂಟರಿನ ಮುಂದೆ ಕುಳಿತು ನೆಟ್‌ವರ್ಕಿನ ಪಟ್ಟಿ ತೆರೆದ.

"ನಿಮ್ಮಲ್ಲಿ ಈಗ ಕಂಪ್ಯೂಟರ್ ಎಷ್ಟುಂಟು?"

"ಆರು."

"ಇಲ್ಲಿ ಏಳು ತೋರಿಸ್ತದೆ. 'ನಿಶ್ಮಿತಾ' ಯಾವುದು?"

ಧನರಾಜ್ ಬಗ್ಗಿ ಪರದೆ ನೋಡಿದ. "ಕಳವಾದದ್ದೇ ಅದು."

ಒಂದೇ ವೈಫೈಗೆ ಸೇರಿದ ಕಂಪ್ಯೂಟರುಗಳು ತಮ್ಮ ಹೆಸರನ್ನೂ ಹಂಚಿಕೊಳ್ಳಲು ತಮ್ಮಲ್ಲಿರುವುದನ್ನೂ ತಾವಾಗಿಯೇ ಪರಸ್ಪರ ಸಾರುತ್ತಿರುತ್ತವೆ ಎಂದು ಸುಧೀರ ವಿವರಿಸಿದ.

"ಹಳೆಯ ಹೆಸರು ಉಳಿದದ್ದಾದರೆ?" ಎಸ್.ಐ. ಕೇಳಿದರು.

ಸುಧೀರ ಹೆಸರನ್ನು ಒತ್ತಿದ. 'ಪಾಠಗಳು' ಎಂಬ ಫೋಲ್ಡರ್ ತೆರೆದುಕೊಂಡಿತು. "ಈಗಲೂ ಆನ್ ಉಂಟು ಸರ್. ಈ ವೈಫೈ ರಸ್ತೆ ದಾಟುವುದಿಲ್ಲ. ಕಟ್ಟಡದೊಳಗೇ ಉಂಟು."

"ಇಲ್ಲಿನ ಇನ್ನೊಂದು ಕೀ ಯಾರ ಹತ್ತಿರ?" ಎಸ್.ಐ. ಕೇಳಿದರು.

ಧನರಾಜ್ ಮಹಡಿಯತ್ತ ಕೈ ತೋರಿಸಿದ. "ಮೇಲಿನ ಟೈಲರ್ ಪೂವಪ್ಪಣ್ಣನ ಹತ್ತಿರ. ನಿಶ್ಮಿತಾ ಅವರ ಮಗಳು. ಇಲ್ಲಿ ಕಲಿಸ್ತಿದ್ದಳು. ಏಪ್ರಿಲಲ್ಲಿ ಬಸ್ಸು ಗುದ್ದಿ ತೀರಿಹೋದಳು."

10.55ಕ್ಕೆ ಮೂವರೂ ಮೇಲೆ ಹೋದರು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಪೊಲೀಸರನ್ನು ಕಂಡು ಪೂವಪ್ಪ ಕಿವಿಯಿಂದ ಇಯರ್‌ಫೋನ್ ತೆಗೆದರು, ಏಳಲಿಲ್ಲ.

"ಲ್ಯಾಪ್‌ಟಾಪ್ ಯಾಕೆ ತಂದಿರಿ?" ಎಸ್.ಐ. ಕೇಳಿದರು.

"ಅವಳು ಹೋದ ಮೇಲೂ ಇವ ದಿನಾ ಹನ್ನೊಂದಕ್ಕೆ ಅವಳ ರೆಕಾರ್ಡ್ ಮಾಡಿದ ಪಾಠ ಹಾಕ್ತಿದ್ದ ಸರ್. ಕೆಳಗಿಂದ ಸ್ವರ ಕೇಳ್ತಿತ್ತು. ಆಗ ನಾನು ಮೆಷಿನ್ ನಿಲ್ಲಿಸ್ತಿದ್ದೆ. ಇವತ್ತು ಅದನ್ನೆಲ್ಲ ಅಳಿಸಿ ಲ್ಯಾಪ್‌ಟಾಪ್ ಮಾರ್ತಾರೆ ಅಂತ ಗೊತ್ತಾಯ್ತು."

"ನನ್ನ ಹತ್ತಿರ ಕೇಳಬಹುದಿತ್ತಲ್ಲ ಪೂವಪ್ಪಣ್ಣ," ಎಂದ ಧನರಾಜ್.

"ಕೇಳಿದ್ದೆ ಮಾರಾಯ. ನೋಡುವ ಅಂದಿದ್ದೆ ನೀನು."

ಧನರಾಜನಿಗೆ ಅದು ನೆನಪಿರಲಿಲ್ಲ. ದೂರು ವಾಪಸು ತೆಗೆಯುತ್ತೇನೆ ಎಂದು ಅವನು ಬೇಡಿಕೊಂಡ. ಎಫ್.ಐ.ಆರ್. ಆಗಿದೆ, ಇನ್ನು ಹೇಳುವುದನ್ನು ಕೋರ್ಟಿನಲ್ಲಿ ಹೇಳಬೇಕು ಎಂದರು ಎಸ್.ಐ. 11.20ಕ್ಕೆ ಪೂವಪ್ಪನವರನ್ನು ಬಂಧಿಸಲಾಯಿತು.

ಲ್ಯಾಪ್‌ಟಾಪಿಗೆ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತುವಾಗ ಪೂವಪ್ಪ ಮೆಲ್ಲನೆ ಹೇಳಿದರು: "ಮೂರನೇ ಪಾಠವನ್ನು ಯಾರೂ ಅಳಿಸದ ಹಾಗೆ ನೋಡಿಕೊಳ್ಳಿ ಸರ್. 'ಮೇಲೆ ಪಪ್ಪ ಹೊಲೀತಿದ್ದಾರೆ, ಮೆಷಿನಿನ ಶಬ್ದ ಬರ್ತದೆ, ಬೇಜಾರು ಮಾಡ್ಬೇಡಿ' ಅಂತ ಹೇಳ್ತಾಳೆ. ಮತ್ತೆ ನಗ್ತಾಳೆ."

ಹೇಳಿಕೆಯಲ್ಲಿ ಕೃತ್ಯದ ಕಾರಣ ಬರೆಯಬೇಕಾದಲ್ಲಿ ಗೌರೀಶಂಕರ ಆ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡರು.