ಏಳು ಗಡಿಗೆಗಳ ದೇಮವ್ವ

ಕಡಲು ಊರೊಳಗಿನ ತನಕ ಬಂದು ಎಲ್ಲರನ್ನೂ ವಿಚಾರಿಸಿಕೊಂಡು ಹೋಗುತ್ತಿದ್ದ ಕಾಲದಲ್ಲಿ ಅಲೆಯೂರು ಎಂಬ ರಾಜ್ಯವಿತ್ತು. ಆ ರಾಜ್ಯದ ಅಂಚಿನಲ್ಲೊಂದು ಕೆರೆ. ಕೆರೆಯ ಮಣ್ಣು ಬೆಣ್ಣೆಯಂಥದ್ದು, ಆದರೆ ಯಾವ ಕುಂಬಾರನೂ ಅತ್ತ ಸುಳಿಯುತ್ತಿರಲಿಲ್ಲ. ಅದು ಮಂಕರಾಯ ಎಂಬ ಮಾಂತ್ರಿಕನ ಕೆರೆ.

ಮಂಕರಾಯನಿಗೆ ಕತ್ತಿಯಿರಲಿಲ್ಲ, ಸೈನ್ಯವಿರಲಿಲ್ಲ. ಅವನ ಹತ್ತಿರ ಇದ್ದದ್ದು ಮಂಕುಬೂದಿ. ಕೆರೆಗೆ ಕಾಲಿಟ್ಟವರ ಮೇಲೆ ಒಂದು ಹಿಡಿ ಎರಚುತ್ತಿದ್ದ, ಅವರು ಕೊಕ್ಕರೆಗಳಾಗುತ್ತಿದ್ದರು. ಮೂರು ವರ್ಷ ಅವರೊಳಗೆ ಮನುಷ್ಯರ ನೆನಪು ಇರುತ್ತಿತ್ತು, ದಿನಕ್ಕಿಷ್ಟು ಕರಗುತ್ತ. ಮೂರು ವರ್ಷ ತುಂಬಿದ ದಿನ ಸೂರ್ಯ ಮುಳುಗಿದರೆ ಮುಗಿಯಿತು. ಆಮೇಲೆ ಅವರು ಬರೀ ಕೊಕ್ಕರೆಗಳು.

ಕುಂಬಾರರ ದೇಮವ್ವನಿಗೆ ಇದೆಲ್ಲ ಗೊತ್ತಿತ್ತು. ಆದರೂ ಒಂದು ಯುಗಾದಿಯ ಬೆಳಿಗ್ಗೆ, ಚಕ್ರದ ಮೇಲೆ ಗಡಿಗೆ ಮೂರು ಸಲ ಕುಸಿದಾಗ, ತಂಗಿ ಚೆನ್ನಾಜಿಯ ಮೇಲೆ ರೇಗಿಬಿಟ್ಟಳು. "ಎಂಥ ಮಣ್ಣು ತಂದಿದ್ದೀಯೇ? ಹೋಗು, ಒಳ್ಳೇ ಮಣ್ಣು ಎಲ್ಲಿದೆಯೋ ಅಲ್ಲಿಂದ ತಗೊಂಬಾ!"

ಚೆನ್ನಾಜಿ ಮಾತು ಬೆಳೆಸುವವಳಲ್ಲ. ಬುಟ್ಟಿ ಎತ್ತಿಕೊಂಡು ಹೋದಳು. ಒಳ್ಳೇ ಮಣ್ಣು ಎಲ್ಲಿದೆಯೋ ಅಲ್ಲಿಗೇ ಹೋದಳು. ಮಧ್ಯಾಹ್ನ ದೇಮವ್ವ ಓಡಿ ಬಂದಾಗ ಕೆರೆಯ ಅಂಚಿನಲ್ಲಿ ಬುಟ್ಟಿ ಇತ್ತು, ಬುಟ್ಟಿಯ ಪಕ್ಕದಲ್ಲಿ ಒಂದು ಹೊಸ ಕೊಕ್ಕರೆ ನಿಂತಿತ್ತು.

ಮಂಕರಾಯನ ಮಾಟಕ್ಕೆ ಒಂದೇ ಪರಿಹಾರ. ಅದು ಕೆರೆ ಏರಿಯ ಮೇಲಿನ ಕಲ್ಲುಬಾಗಿಲಿನ ಮೇಲೆ, ಮೂಡಣ ಕಡಲಿನಾಚೆಯ ಉದಯದ್ವೀಪದ ಚಿತ್ರಾಕ್ಷರಗಳಲ್ಲಿ ಕೆತ್ತಿತ್ತು. ಒಟ್ಟು ಎರಡು ಸಾವಿರ ಅಕ್ಷರ. ಒಂದೇ ಹಗಲಿನಲ್ಲಿ, ಒಂದೂ ತಪ್ಪದೆ, ಗಟ್ಟಿಯಾಗಿ ಓದಿದವರಿಗೆ ಮೂರು ವರ್ಷ ತುಂಬದ ಕೊಕ್ಕರೆಗಳೆಲ್ಲ ಮತ್ತೆ ಮನುಷ್ಯರಾಗಿ ಸಿಗುತ್ತಿದ್ದರು. ಒಂದು ತಪ್ಪಿದರೆ ಓದಿದವರೂ ಕೊಕ್ಕರೆ.

ಅರಮನೆಯ ಹನ್ನೊಂದು ಪಂಡಿತರು ಈ ಅಕ್ಷರ ಕಲಿಯಲು ಹೊರಟಿದ್ದರು. ಅವರಲ್ಲಿ ಒಬ್ಬರನ್ನೂ ಮಂಕರಾಯ ಮುಟ್ಟಲಿಲ್ಲ, ಅವರವರೇ ಬಿಟ್ಟರು. ಒಬ್ಬರಿಗೆ ತಲೆನೋವು, ಒಬ್ಬರಿಗೆ ಮಗಳ ಮದುವೆ, ಮಿಕ್ಕವರೆಲ್ಲ ಮುಂದಿನ ಅಮಾವಾಸ್ಯೆ ಕಳೆದ ಮೇಲೆ ನೋಡೋಣ ಅಂದವರು. ಮಂಕರಾಯ ಏರಿಯ ಮೇಲೆ ಕಾಲು ಚಾಚಿ ಕೂತು ನಗುತ್ತಿದ್ದ.

ಬಂದರಿನಲ್ಲಿ ಬಲೆ ಹೊಲಿದುಕೊಂಡು ಬದುಕಿದ್ದ ಯುಮೆ ಅಜ್ಜಿ ಉದಯದ್ವೀಪದವಳು. ಹಡಗು ಒಡೆದು ಇಲ್ಲಿಗೆ ಬಂದು ಬಿದ್ದು ನಲವತ್ತು ವರ್ಷವಾಗಿತ್ತು. ದೇಮವ್ವ ಅವಳ ಕಾಲು ಹಿಡಿದಳು.

"ಹಗಲೆಲ್ಲ ಗಟ್ಟಿಯಾಗಿ ಓದೋ ಕಸುವು ಈ ವಯಸ್ಸಲ್ಲಿ ನನಗಿಲ್ಲ, ನೀನೇ ಕಲೀಬೇಕು. ಎರಡು ಸಾವಿರ ಅಕ್ಷರ ಕಲಿಯೋದು ಏನೂ ದೊಡ್ಡದಲ್ಲ ಮಗಳೇ," ಎಂದಳು ಅಜ್ಜಿ. "ಕಲಿತದ್ದು ತಲೆಯಲ್ಲಿ ನಿಲ್ಲಬೇಕಲ್ಲ, ಅದೇ ಕಷ್ಟ. ನಿನ್ನ ಕಸುಬೇನು?"

"ಗಡಿಗೆ ಮಾಡ್ತೀನಿ ಅಜ್ಜಿ."

"ಹಾಗಾದರೆ ಏಳು ಗಡಿಗೆ ತಗೊಂಬಾ."

ಅಜ್ಜಿ ಒಂದೊಂದು ಓಲೆಚೂರಿನ ಮೇಲೆ ಒಂದೊಂದು ಅಕ್ಷರ ಬರೆದು ಮೊದಲನೇ ಗಡಿಗೆಗೆ ಹಾಕಿದಳು. ಮೊದಲನೇ ಗಡಿಗೆಯನ್ನು ದಿನಾ ತೆಗೆಯಬೇಕು. ನೆನಪಿದ್ದ ಓಲೆ ಎರಡನೆಯದಕ್ಕೆ ಹೋಗುತ್ತದೆ, ಅದನ್ನು ಮೂರು ದಿನಕ್ಕೊಮ್ಮೆ ತೆಗೆಯಬೇಕು. ಮೂರನೆಯದು ವಾರಕ್ಕೆ, ನಾಲ್ಕನೆಯದು ಪಕ್ಷಕ್ಕೆ, ಐದನೆಯದು ಮಂಡಲಕ್ಕೆ, ಆರನೆಯದು ಆರು ತಿಂಗಳಿಗೆ, ಏಳನೆಯದು ವರ್ಷಕ್ಕೆ. ಮರೆತ ಓಲೆ ಯಾವ ಗಡಿಗೆಯಲ್ಲಿದ್ದರೂ ಸರಿ, ವಾಪಸು ಮೊದಲನೆಯದಕ್ಕೆ.

"ಆರನೇ ಗಡಿಗೇಲಿದ್ದದ್ದೂ ಮೊದಲನೆಯದಕ್ಕಾ?" ದೇಮವ್ವ ಅಳುಮೋರೆ ಮಾಡಿದಳು.

"ಮರೆತರೆ ಮೊದಲನೆಯದಕ್ಕೇ. ಅಳಬೇಕು ಅನ್ನಿಸಿದರೆ ಅಳು, ಆದರೆ ಅಳ್ತಾನೇ ಹಾಕು."

ಹೀಗೆ ಶುರುವಾಯಿತು. ನಡುವೆ ಗೆರೆಯಿರುವ ಚೌಕ ಸೂರ್ಯ. ಒಂದು ಮರ, ಎರಡು ಮರ ತೋಪು, ಮೂರು ಮರ ಕಾಡು. ಮರಕ್ಕೆ ಒರಗಿದ ಮನುಷ್ಯ ಎಂದರೆ ವಿಶ್ರಾಂತಿ. ಒಂದು ಅಕ್ಷರ ಮಾತ್ರ ದೇಮವ್ವನಿಗೆ ಒಗ್ಗಲೇ ಇಲ್ಲ. ಎಡಕ್ಕೆ ದಾರಿ, ಬಲಕ್ಕೆ ಗುಡಿ, ಅರ್ಥ ಕಾಯುವುದು. ಬೆಳಿಗ್ಗೆ ಬಾಯಿಪಾಠ, ಮರುದಿನ ಮಾಯ. ಇಂಥವುಗಳಿಗೆ ಅಜ್ಜಿ ಜಿಗಣೆ ಅಕ್ಷರ ಎನ್ನುತ್ತಿದ್ದಳು, ರಕ್ತ ಹೀರುತ್ತವೆ, ಬಿಡುವುದಿಲ್ಲ.

ಆರು ತಿಂಗಳಾಯಿತು. ಕುಂಬಾರಗಿತ್ತಿ ಇನ್ನೂ ಬಿಟ್ಟಿಲ್ಲವೆಂದು ಮಂಕರಾಯನಿಗೆ ಸುದ್ದಿ ಮುಟ್ಟಿತು. ಅವನು ಒಂದು ಹಿಡಿ ಬೂದಿಯನ್ನು ಐದು ಬಣ್ಣದ ಗಿಳಿ ಮಾಡಿ ಹಾರಿಬಿಟ್ಟ.

ಗಿಳಿ ಬಂದು ದೇಮವ್ವನ ಹೆಗಲ ಮೇಲೆ ಕೂತಿತು. "ಎಂಥಾ ಬುದ್ಧಿವಂತೆ ನೀನು! ಹಳೇದನ್ನೇ ಎಷ್ಟು ಸಲ ಅಂತ ಕೆರೀತೀಯ? ತಗೋ, ಹೊಸದು, ದಿನಕ್ಕೆ ಐವತ್ತು ಕಲಿಸ್ತೀನಿ."

ದೇಮವ್ವ ಹಿರಿಹಿರಿ ಹಿಗ್ಗಿದಳು. ಇಪ್ಪತ್ತು ದಿನದಲ್ಲಿ ಸಾವಿರ ಅಕ್ಷರ! ಗಡಿಗೆಗಳ ಮೇಲೆ ಧೂಳು ಕೂತಿತು. ಇಪ್ಪತ್ತೊಂದನೇ ದಿನ ಅಜ್ಜಿ ಬಂದು ಮರಕ್ಕೆ ಒರಗಿದ ಮನುಷ್ಯನನ್ನು ಬರೆದು ತೋರಿಸಿದಳು. ದೇಮವ್ವನಿಗೆ ನೆನಪಾಗಲಿಲ್ಲ. ಗಿಳಿ ಕಲಿಸಿದ್ದನ್ನೂ ನೆನೆಸಿಕೊಂಡು ನೋಡಿದಳು. ಹೊಸದೂ ಇಲ್ಲ, ಹಳೆಯದೂ ಇಲ್ಲ.

ಅವಳು ಗಿಳಿಯ ಕಡೆ ತಿರುಗಿದಳು. "ನಿನ್ನೆ ಕಲಿಸಿದೆಯಲ್ಲ, ಮೊದಲನೇ ಅಕ್ಷರ, ಅದು ಯಾವುದು ಹೇಳು."

"ನಿನ್ನೆಯದು ಯಾಕೆ? ಹೊಸದು ಕೇಳು, ಹೊಸದು!" ಎಂದಿತು ಗಿಳಿ.

"ನಿನ್ನೆಯದು ಹೇಳು."

ಗಿಳಿ ತೊದಲಿತು, ಮೂರು ಸುತ್ತು ಸುತ್ತಿತು, ಬೂದಿಯಾಗಿ ನೆಲಕ್ಕೆ ಉದುರಿತು. ದೇಮವ್ವ ಅದನ್ನು ಗುಡಿಸಿ ಹೊರಗೆ ಚೆಲ್ಲಿ ಮೊದಲನೇ ಗಡಿಗೆಯ ಮುಂದೆ ಕೂತಳು.

ಇನ್ನೊಂದು ವರ್ಷ ಕಳೆಯಿತು. ಈ ಸಲ ಮಂಕರಾಯ ಬೂದಿಯನ್ನು ಗಾಳಿಗೆ ಬಿಟ್ಟ. ದೇಮವ್ವ ಹನ್ನೆರಡು ದಿನ ಎಚ್ಚರವಿಲ್ಲದೆ ಮಲಗಿದಳು. ಕಣ್ಣು ಬಿಟ್ಟಾಗ ಆ ಹನ್ನೆರಡು ದಿನದ ಬಾಕಿ ಓಲೆಗಳೆಲ್ಲ ಗಡಿಗೆಗಳಿಂದ ಎದ್ದು, ಒಂದಕ್ಕೊಂದು ಕಟ್ಟಿಕೊಂಡು, ಹಾವಾಗಿ ಮನೆಯನ್ನು ಮೂರು ಸುತ್ತು ಸುತ್ತಿದ್ದವು. ಬಾಗಿಲಲ್ಲಿ ತಲೆಯಿತ್ತು.

"ನನ್ನನ್ನು ಇವತ್ತೇ ಪೂರ್ತಿ ಓದು," ಎಂದಿತು ಹಾವು. "ಇಲ್ಲವಾದರೆ ಓದಲೇಬೇಡ, ನಾನು ಹೋಗ್ತೀನಿ, ನೀನೂ ಹಾಯಾಗಿರು."

ದೇಮವ್ವ ಹಟಕ್ಕೆ ಬಿದ್ದು ಓದಿದಳು. ಮಧ್ಯಾಹ್ನದ ಹೊತ್ತಿಗೆ ಅಕ್ಷರಗಳು ಕಣ್ಣಮುಂದೆ ಕಲಸಿಹೋದವು. ತಪ್ಪಿದ ಓಲೆಗಳು ಮತ್ತೆ ಬಂದು ಅಂಟಿಕೊಂಡವು, ಹಾವು ಇನ್ನೂ ಉದ್ದವಾಯಿತು. ಅವಳಿಗೆ ಅದನ್ನು ನೋಡುವ ಧೈರ್ಯವೇ ಉಳಿಯಲಿಲ್ಲ, ಕಂಬಳಿ ಮುಸುಕೆಳೆದು ಮೂಲೆ ಸೇರಿದಳು.

ಬೇಲಿಯಾಚೆಯಿಂದ ಅಜ್ಜಿ ಕೂಗಿದಳು. "ದೇಮೂ, ತಲೆ ಕಡೆ ನೋಡಬೇಡ, ಬಾಲ ಹಿಡಿ! ಇಪ್ಪತ್ತು ಓದು, ಊಟ ಮಾಡು, ಮಲಕ್ಕೋ. ಹೊಸದು ಒಂದೂ ಬೇಡ!"

ದೇಮವ್ವ ಹಿಂಬಾಗಿಲಿನಿಂದ ಹೋಗಿ ಬಾಲ ಹಿಡಿದಳು. ಇಪ್ಪತ್ತು ಓಲೆ ಓದಿ ಉಂಡು ಮಲಗಿದಳು. ಮರುದಿನ ಇಪ್ಪತ್ತು, ಅದರ ಮರುದಿನವೂ ಇಪ್ಪತ್ತು. ಹಾವು ಬುಸುಗುಟ್ಟಿತು, ಬೈದಿತು, ಕಡೆಗೆ ಗೋಗರೆಯಿತು. ನಲವತ್ತನೇ ದಿನ ಅದು ಎರೆಹುಳದಷ್ಟಾಗಿತ್ತು. ಉಳಿದ ಒಂದೇ ಓಲೆ ಕೈಗೆತ್ತಿಕೊಂಡು ನೋಡಿದಳು. ದಾರಿ, ಗುಡಿ. ನೆನಪಾಗಲಿಲ್ಲ. ಜಿಗಣೆಗೆ ಶಾಪ ಹಾಕಿ ಮೊದಲನೇ ಗಡಿಗೆಗೆ ಎಸೆದಳು.

ಮೂರು ವರ್ಷ ತುಂಬಲು ಆರೇ ತಿಂಗಳಿತ್ತು. ಮಂಕರಾಯನಿಗೆ ಈಗ ನಿಜವಾಗಿ ಹೆದರಿಕೆ ಹತ್ತಿತು. ಬಿಳಿ ಗಡ್ಡದ ಮುದುಕನ ವೇಷ ಹಾಕಿ ತಾನೇ ಬಂದ. ಬೈಯಲಿಲ್ಲ, ಹೆದರಿಸಲಿಲ್ಲ.

"ಎಷ್ಟು ಸೊರಗಿದ್ದೀಯವ್ವ," ಎಂದ. "ನನ್ನ ಮಗಳಾಗಿದ್ದರೆ ಸಾಕು ಅಂತಿದ್ದೆ. ಯಾರಿಗೋಸ್ಕರ ಇಷ್ಟು ಒದ್ದಾಡ್ತೀಯ? ಒಂದು ಸಲ ಹೋಗಿ ಕೂಗಿ ನೋಡು, ಅವಳಿಗೆ ನಿನ್ನ ನೆನಪಿದೆಯಾ ಅಂತ."

ದೇಮವ್ವ ಕೆರೆಗೆ ಹೋಗಿ ದಡದಲ್ಲಿ ನಿಂತು ಕೂಗಿದಳು. "ಚೆನ್ನೀ!"

ಕೊಕ್ಕರೆ ತಿರುಗಲಿಲ್ಲ. ಮೂರು ಸಲ ಕೂಗಿದಳು. ಅದು ಒಂದು ಮೀನು ನುಂಗಿ ಆಚೆ ದಡಕ್ಕೆ ನಡೆಯಿತು.

ಅಷ್ಟು ವರ್ಷ ತಡೆದುಕೊಂಡಿದ್ದ ದುಃಖವೆಲ್ಲ ಒಮ್ಮೆಗೇ ಬಂತು. ಮನೆಗೆ ಬಂದವಳೇ ಮೊದಲನೇ ಗಡಿಗೆಯನ್ನು ಎತ್ತಿ ಅಂಗಳಕ್ಕೆ ಕುಕ್ಕಿದಳು. ಅದು ಚೂರು ಚೂರಾಯಿತು. ಬೇಲಿಯಾಚೆ ನಿಂತಿದ್ದ ಮುದುಕ ಗಡ್ಡದೊಳಗೇ ನಕ್ಕ.

ಮೂರು ದಿನ ಅವಳು ಓಲೆ ಮುಟ್ಟಲಿಲ್ಲ. ಅಜ್ಜಿ ಬಂದು ಪಕ್ಕದಲ್ಲಿ ಕೂತು ಬಲೆ ಹೊಲಿದಳು.

"ನನಗೆ ಮನಸ್ಸೇ ಇಲ್ಲ ಅಜ್ಜಿ."

"ನನಗೂ ಬಲೆ ಹೊಲಿಯೋ ಮನಸ್ಸಿಲ್ಲ," ಎಂದಳು ಅಜ್ಜಿ, ಹೊಲಿಯುತ್ತಲೇ. ಒಂದು ಗಂಟು ಬಿಗಿದು ಕೇಳಿದಳು. "ಚೆನ್ನಾಜಿ ನಿನ್ನನ್ನ ಮರೆತಳು ಅಂತೀಯ. ನೀನು ಕಡೇ ಸಲ ಅವಳ ಮುಂದೆ ಹೋಗಿ ಕೂತದ್ದು ಯಾವಾಗ?"

ದೇಮವ್ವ ಲೆಕ್ಕ ಹಾಕಿದಳು. ಎರಡು ವರ್ಷದ ಮೇಲಾಗಿತ್ತು. ಓಲೆಗಳನ್ನು ದಿನಾ ತೆಗೆದು ನೋಡಿದವಳು ತಂಗಿಯನ್ನು ಏಳನೇ ಗಡಿಗೆಯಲ್ಲಿಟ್ಟು ಮರೆತಿದ್ದಳು.

ಆ ಸಂಜೆಯೇ ಚಕ್ರದ ಮುಂದೆ ಕೂತು ಹೊಸ ಗಡಿಗೆ ತಿದ್ದಿದಳು. ಮರುದಿನ ಬೆಳಿಗ್ಗೆ ಓಲೆಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಕೆರೆಯ ದಡಕ್ಕೆ ಹೋದಳು. ಹುಮ್ಮಸ್ಸು ಮರಳಿರಲಿಲ್ಲ, ಓದಿದಳು ಅಷ್ಟೇ. ಪ್ರತಿ ಅಕ್ಷರವನ್ನು ಒದ್ದೆ ಮರಳಿನಲ್ಲಿ ಬರೆದು ಹೆಸರು ಹೇಳಿದಳು, ನಡುನಡುವೆ "ಚೆನ್ನೀ" ಎಂದಳು. ಮೊದಲ ದಿನ ಕೊಕ್ಕರೆ ಬರಲಿಲ್ಲ, ಹತ್ತನೇ ದಿನವೂ ಇಲ್ಲ. ಐವತ್ತನೇ ದಿನ ಹತ್ತು ಮಾರು ದೂರದಲ್ಲಿ ನಿಂತು ನೋಡಿತು. ನೂರನೇ ದಿನ ಅಕ್ಕ ಬರುವ ಮೊದಲೇ ಬಂದು ಒಂಟಿಕಾಲಲ್ಲಿ ನಿಂತಿತ್ತು. ಏರಿಯ ಮೇಲೆ ಮಂಕರಾಯ ಉಗುರು ಕಚ್ಚುತ್ತಿದ್ದ.

ಯುಗಾದಿ ಬಂತು. ಸೂರ್ಯ ಹುಟ್ಟುತ್ತಲೇ ದೇಮವ್ವ ಕಲ್ಲುಬಾಗಿಲಿನ ಮುಂದೆ ನಿಂತಳು. ಊರಿಗೆ ಊರೇ ಸೇರಿತ್ತು. ನೂರು ಓದಿದಳು, ಐನೂರು ಓದಿದಳು. ಓದಿದ ಅಕ್ಷರ ಹೊಳೆದು ಆರುತ್ತಿತ್ತು. ನೆತ್ತಿಯ ಮೇಲೆ ಬಿಸಿಲು ಬಂದಾಗ ಸಾವಿರವಾಗಿತ್ತು, ಗಂಟಲು ಒಣಗಿ ರಕ್ತದ ರುಚಿ ಬರುತ್ತಿತ್ತು. ನೆರಳು ಉದ್ದವಾಯಿತು. ಸಾವಿರದ ಒಂಬೈನೂರ ತೊಂಬತ್ತೊಂಬತ್ತು.

ಕಡೆಯ ಅಕ್ಷರ. ಎಡಕ್ಕೆ ದಾರಿ, ಬಲಕ್ಕೆ ಗುಡಿ.

ದೇಮವ್ವನ ತಲೆ ಖಾಲಿಯಾಯಿತು. ಯಾತ್ರೆಯೋ? ಹರಕೆಯೋ? ಹೋಗುವುದೋ, ಬರುವುದೋ? ಸೂರ್ಯನ ಕೆಳಗಿನಂಚು ಕೆರೆಯ ನೀರಿಗೆ ತಾಗಿತು.

"ಹೇಳವ್ವ, ಹೇಳು," ಎಂದ ಮಂಕರಾಯ ಮೆಲ್ಲಗೆ. "ಏನೋ ಒಂದು ಹೇಳಿಬಿಡು." ಮೇಲೆತ್ತಿದ ಅವನ ಮುಷ್ಟಿಯಲ್ಲಿ ಬೂದಿ ಸಿದ್ಧವಾಗಿತ್ತು.

ದೇಮವ್ವನಿಗೆ ಬಾಗಿಲು ನೋಡಲಾಗಲಿಲ್ಲ. ಸೋತೆ, ತಂಗಿಯನ್ನು ಕಡೇ ಸಲ ನೋಡಿಬಿಡೋಣ ಎಂದು ಕೆರೆಯ ಕಡೆ ತಿರುಗಿದಳು. ದಿನಾ ತಾನು ಕೂರುತ್ತಿದ್ದ ಜಾಗದ ಪಕ್ಕದಲ್ಲೇ ಕೊಕ್ಕರೆ ನಿಂತಿತ್ತು. ಒಂಟಿಕಾಲಲ್ಲಿ, ಕುತ್ತಿಗೆ ಇವಳತ್ತ ಚಾಚಿ, ಕದಲದೆ. ಬೆಳಗಿನಿಂದ ಹಾಗೇ ನಿಂತಿತ್ತು. ಮೂರು ವರ್ಷದಿಂದಲೂ ಚೆನ್ನಿ ಮಾಡಿದ್ದು ಅದನ್ನೇ ಅಲ್ಲವೇ?

"ಕಾಯುವುದು," ಎಂದಳು ದೇಮವ್ವ.

ಬಾಗಿಲು ಮೇಲಿಂದ ಕೆಳಗಿನ ತನಕ ಸೀಳಿತು. ಬೆಚ್ಚಿಬಿದ್ದ ಮಂಕರಾಯನ ಮುಷ್ಟಿ ಬಿಚ್ಚಿ ಬೂದಿಯೆಲ್ಲ ಅವನ ತಲೆಯ ಮೇಲೇ ಬಿತ್ತು. ಕೆರೆಯಲ್ಲಿ ರೆಕ್ಕೆಗಳು ಉದುರಿ ನಲವತ್ತು ಜನ ಮೊಣಕಾಲುದ್ದದ ನೀರಿನಲ್ಲಿ ನಿಂತರು. ಚೆನ್ನಾಜಿ ದಡ ಹತ್ತಿ ಬಂದು, ಹಳೆಯ ಬುಟ್ಟಿ ಇದ್ದ ಜಾಗವನ್ನು ಹುಡುಕಿ, ಅಕ್ಕನ ಮುಖ ನೋಡಿದಳು.

"ಮಣ್ಣು ಸಿಕ್ತು ಕಣಕ್ಕ," ಎಂದಳು. "ಬರೋದು ಸ್ವಲ್ಪ ತಡವಾಯ್ತು."

ದೇಮವ್ವ ಅವಳನ್ನು ತಬ್ಬಿಕೊಂಡು ಹೋ ಎಂದು ಅತ್ತಳು. ಊರೆಲ್ಲ ಅತ್ತಿತು, ಹನ್ನೊಂದು ಪಂಡಿತರೂ ಅತ್ತರು.

ಮಾಟ ಒಡೆದಿದ್ದರಿಂದ ಮಂಕರಾಯ ಕೊಕ್ಕರೆಯಾಗಲಿಲ್ಲ, ಆದರೆ ಅವನಿಗೆ ತಾನು ಯಾರೆಂಬುದೇ ಮರೆತುಹೋಯಿತು. ಕುಂಬಾರರು ಕರುಣೆಯಿಂದ ಅವನಿಗೆ ಮಣ್ಣು ತುಳಿಯುವ ಕೆಲಸ ಕೊಟ್ಟರು. ತುಳಿಯುವ ಗುಂಡಿ ಎಲ್ಲಿದೆಯೆಂದು ದಿನಾ ಬೆಳಿಗ್ಗೆ ತೋರಿಸಬೇಕಾಗುತ್ತಿತ್ತು. ಕೆರೆಯ ಮಣ್ಣು ಎಲ್ಲರದಾಯಿತು, ಅಲೆಯೂರಿನ ಅಡುಗೆಮನೆಗಳಲ್ಲಿ ಹೊಸ ಗಡಿಗೆಗಳು ಕುದಿದವು, ಎಲ್ಲರೂ ಉಂಡು ನಕ್ಕು ಚೆನ್ನಾಗಿ ಬದುಕಿದರು.

ಯುಗಾದಿಯ ಮರುದಿನ ಬೆಳಿಗ್ಗೆಯೂ ದೇಮವ್ವ ಎದ್ದವಳೇ ಮೊದಲನೇ ಗಡಿಗೆಗೆ ಕೈ ಹಾಕಿದಳು. ಒಂದೇ ಓಲೆಯಿತ್ತು. ದಾರಿ, ಗುಡಿ. ಅದನ್ನು ನೋಡಿ ಹೆಸರು ಹೇಳಿ, ಎರಡನೇ ಗಡಿಗೆಗೆ ಹಾಕಿ, ತಂಗಿಯನ್ನು ಗಂಜಿಗೆ ಕರೆದಳು.