ಖಾಲಿ ಕುರ್ಚಿಗೆ ಕೈಮುಗಿದವನು

ಸಂದರ್ಶನಕ್ಕೆ ಬಂದ ಪುಟ್ಟಪ್ಪ ಸಾಹುಕಾರರಿಗೆ ನಮಸ್ಕಾರ ಮಾಡಲಿಲ್ಲ. ಅವರ ಪಕ್ಕದ ಖಾಲಿ ಕುರ್ಚಿಗೆ ಮಾಡಿದ.

"ಬಂಗಾರಪ್ಪಾ, ನೀ ಯಾಕೋ ಬಂದಿ ಇಲ್ಲಿಗೆ? ನೀ ಕುಡಿದಿರ್ಲಿಲ್ಲ, ನಂಗೊತ್ತು. ಮೂಟೆ ಹೇರಿಸಿದ್ದು ನಾನೇ. ನನ್ನ ಕೆಲಸ ಉಳೀಬೇಕಿತ್ತು, ಅದಕ್ಕೆ ಹಂಗಂದೆ. ಹೋಗೋ ಮಾರಾಯ..."

ಆಮೇಲೆ ಗಾಳಿಯಲ್ಲಿ ಟಿಕೆಟ್ ಹರಿದ. ಎರಡು ಟಿಕೆಟ್ ಹರಿಯುವಷ್ಟರಲ್ಲಿ ಮೇಜಿನ ಮೇಲೆ ಕುಸಿದ.

1958ರ ಒಂದು ಶನಿವಾರ, ಬೆಳಿಗ್ಗೆ ಹನ್ನೊಂದು. ಶಿಕಾರಿಪುರದ ಬಸ್ ಕಂಪನಿಯೊಂದರ ಆಫೀಸು. ಚೆಕಿಂಗ್ ಇನ್ಸ್‌ಪೆಕ್ಟರ್ ವಲೀಸಾಬ್ ತಿಂಗಳ ಕೊನೆಗೆ ನಿವೃತ್ತರಾಗಲಿದ್ದರು. ಆ ಜಾಗಕ್ಕೆ ಕಂಪನಿಯ ಇಬ್ಬರು ಕಂಡಕ್ಟರುಗಳನ್ನು ಕರೆಸಿದ್ದರು: ಸೊರಬ ಲೈನಿನ ಪುಟ್ಟಪ್ಪ, ಆನವಟ್ಟಿ ಲೈನಿನ ರಾಜಪ್ಪ.

"ಕುಡಿದು ಬಂದಾನ!" ಕಂಪನಿ ಮಾಲೀಕ ಸಾಹುಕಾರ್ ವೀರಬಸಪ್ಪ ಗುಡುಗಿದರು. "ಹೊಸ ಹುದ್ದೆ ಹಾಳಾಗ್ಲಿ, ಇದ್ದ ಕೆಲಸಾನೂ ಇಲ್ಲ ಇವನಿಗೆ. ವಜಾ!"

ವಲೀಸಾಬ್ ಬಗ್ಗಿ ನೋಡಿದರು. ಸಾರಾಯಿ ವಾಸನೆ ಇಲ್ಲ. ನಾಲಿಗೆ ಒಣಗಿದೆ. ಮೈ ಕಾದ ಹಂಚು. ಕಣ್ಣಿನ ಪಾಪೆ ಕಾಸಗಲ.

"ಸಾಹುಕಾರ್ರೆ, ಇದು ಹೆಂಡ ಅಲ್ಲ. ಉಮ್ಮತ್ತಿ ಬೀಜ. ಯಾರೋ ತಿನ್ನಿಸ್ಯಾರೆ. ಸಂಜೆ ತನಕ ತಡೀರಿ."

"ಸಂಜೆ ಸೊರಬದ ಬಸ್ ಹೊರಡೋ ತನಕ. ಅಷ್ಟೇ ನೋಡ್ರಿ."

* * *

ಆಸ್ಪತ್ರೆಯಲ್ಲಿ ವಾಂತಿ ಮಾಡಿಸಿದರು. ಬಂದದ್ದು ಎಳ್ಳು, ಬೆಲ್ಲ, ಉಮ್ಮತ್ತಿ ಬೀಜದ ಚೂರು.

"ತಿಂದು ಒಂದು ತಾಸಾಗಿರಬೇಕು," ಅಂದರು ಡಾಕ್ಟರು. "ಬದುಕ್ತಾನೆ. ಆದ್ರೆ ಕೊಟ್ಟೋರು ಯಾರು ಅಂತ ಕೇಳಬೇಡಿ. ನೆನಪಿರೋದಿಲ್ಲ."

ಒಂದು ತಾಸು. ಸೊರಬದ ಬಸ್ ಬಂದದ್ದು ಒಂಬತ್ತೂವರೆಗೆ. ಅಂದರೆ ತಿಂದದ್ದು ಶಿಕಾರಿಪುರದಲ್ಲೇ.

ಬಸ್ ಸ್ಟ್ಯಾಂಡಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಹೆಸರು. ರಾಜಪ್ಪ ಚಹಾ ಕೊಡಿಸಿದ್ದನಂತೆ.

"ಕೊಡಿಸಿದ್ದು ಖರೆ ಸಾಹೇಬ್ರೆ," ಅಂದ ರಾಜಪ್ಪ. "ಆ ಮಾರಾಯ ಮುಟ್ಟಲಿಲ್ಲ. ಶನಿವಾರದ ಉಪವಾಸ. ಮೇಲಾಗಿ ನಂಗೆ ಪುರುಡು, ಮೊನ್ನೆ ಮಗಳು ಹುಟ್ಟ್ಯಾಳೆ. ಮಾರು ದೂರ ನಿಂತೇ ಮಾತಾಡಿದ. ಹೋಟ್ಲಲ್ಲಿ ಕೇಳ್ರಿ."

ಕೇಳಿದರು. ಲೋಟ ತುಂಬಿದ್ದ ಹಾಗೇ ವಾಪಸ್ ಹೋಗಿತ್ತು.

ಪುಟ್ಟಪ್ಪನ ಶನಿವಾರಗಳನ್ನು ವಲೀಸಾಬ್ ಹನ್ನೆರಡು ವರ್ಷದಿಂದ ಕಂಡವರು. ಹೊತ್ತು ಮುಳುಗುವವರೆಗೆ ಏನೂ ತಿನ್ನುವವನಲ್ಲ. ಅಂಥವನೂ ಬೇಡ ಅನ್ನಲಾಗದ್ದು ಒಂದೇ. ಪ್ರಸಾದ. ಎಳ್ಳು ಬೆಲ್ಲ ಅಂದರೆ ಶನಿದೇವರದ್ದು.

ಕೆರೆ ಏರಿಯ ಶನಿದೇವರ ಗುಡಿಯ ಮೆಟ್ಟಿಲ ಕೆಳಗೆ ಅವರು ಚಪ್ಪಲಿ ಬಿಟ್ಟು ನಿಂತರು.

"ಪೂಜಾರ್ರೆ, ಬೆಳಿಗ್ಗೆ ಪ್ರಸಾದ ಯಾರ್ಯಾರು ಒಯ್ದರು?"

"ಶನಿವಾರ ಅಲ್ಲೇನ್ರೀ ಸಾಬ್ರೆ, ಅರ್ಧ ಊರೇ ಒಯ್ತದೆ!"

ವಲೀಸಾಬ್ ಹೊರಟವರು ತಿರುಗಿದರು. "ಪುಟ್ಟಪ್ಪ ಅನ್ನೋ ಹೆಸರಲ್ಲಿ ಅರ್ಚನೆ ಏನಾದ್ರೂ?"

"ಆಯ್ತಲ್ಲ! ಇವತ್ತು ಅವನಿಗೆ ದೊಡ್ಡ ದಿನ ಅಂತ ಹೇಳಿ ಮಾಡಿಸಿದ್ಲು. ಬಸ್ ಸ್ಟ್ಯಾಂಡಿನ ಹೂವಿನ ಹುಚ್ಚಮ್ಮ."

ವಲೀಸಾಬರಿಗೆ ಮುಂದೆ ಕೇಳುವುದು ಉಳಿಯಲಿಲ್ಲ. ಹುಚ್ಚಮ್ಮ, ಡ್ರೈವರ್ ಬಂಗಾರಪ್ಪನ ಹೆಂಡತಿ.

* * *

ಹುಚ್ಚಮ್ಮ ಸೇವಂತಿಗೆ ಕಟ್ಟುತ್ತಿದ್ದಳು. ಸಾಹುಕಾರರನ್ನು ಜತೆಗೇ ಕರೆತಂದಿದ್ದ ವಲೀಸಾಬ್ ಅವಳೆದುರು ಕುಕ್ಕರುಗಾಲಲ್ಲಿ ಕೂತರು.

"ಐದು ವರ್ಷದ ಹಿಂದೆ ಬಂದಳಿಕೆ ತಿರುವಿನಲ್ಲಿ ಬಸ್ ಮಗುಚಿ ಇಬ್ಬರು ಸತ್ತರು. ಟಾಪಿನ ಮೇಲೆ ಮೂಟೆ ಜಾಸ್ತಿ ಆಗಿತ್ತು ಅಂದ ನಿನ್ನ ಗಂಡ. ಡ್ರೈವರ್ ಕುಡಿದಿದ್ದ ಅಂದ ಕಂಡಕ್ಟರ್ ಪುಟ್ಟಪ್ಪ. ನಾವು ಪುಟ್ಟಪ್ಪನ ಮಾತು ನಂಬಿದ್ವಿ. ಬಂಗಾರಪ್ಪ ಜೈಲಲ್ಲೇ ಕಣ್ಣು ಮುಚ್ಚಿದ. ಇವತ್ತು ಅಮಲಿನಲ್ಲಿ ಪುಟ್ಟಪ್ಪ ಆ ಸುಳ್ಳನ್ನು ತಾನೇ ಒಪ್ಕೊಂಡ."

ಹುಚ್ಚಮ್ಮನ ಬೆರಳು ನಿಂತವು.

"ಹುದ್ದೆ ಆಸೆಗೆ ಮಾಡಿದವನಾದ್ರೆ ಅಂಗಡಿ ಎಳ್ಳು ಕೊಟ್ಟು ಪ್ರಸಾದ ಅಂತಿದ್ದ," ವಲೀಸಾಬ್ ಮುಂದುವರಿಸಿದರು. "ನಿನಗೆ ಆ ಸುಳ್ಳಿಗೆ ನಾಲಿಗೆ ಏಳಲಿಲ್ಲ. ಹೆಸರು ಹೇಳಿ ಅರ್ಚನೆ ಮಾಡಿಸಿದೆ. ಅಲ್ಲೇ ಸಿಕ್ಕಿಬಿದ್ದೆ, ತಾಯೀ."

"ದೇವರ ಹೆಸರಲ್ಲಿ ಸುಳ್ಳು ಆಡಬಾರದು ರೀ," ಅಂದಳು ಹುಚ್ಚಮ್ಮ. "ನಿನ್ನ ಹೆಸರಲ್ಲಿ ಅರ್ಚನೆ ಮಾಡಿಸೀನಿ ಅಂತ ಅವನಿಗೆ ಅಂದೆ. ಮಾಡಿಸಿದ್ದೆ. ಬೀಜ ಬೆರೆಸಿದ್ದು ಮೆಟ್ಟಿಲು ಇಳಿದ ಮೇಲೆ. ಕಣ್ಣಿಗೊತ್ತಿಕೊಂಡು ತಿಂದ."

"ಸತ್ತಿದ್ರೆ ಏನ್ ಮಾಡ್ತಿದ್ದೆ?" ಸಾಹುಕಾರರು ಕೂಗಿದರು.

"ಸಾಯೋವಷ್ಟು ಹಾಕಿರ್ಲಿಲ್ಲ. ಸತ್ತರೆ ಏನು ಸುಖ? ಕುಡುಕ ಅನ್ನಿಸ್ಕೊಂಡು ಅವನೂ ಈ ಬೀದೀಲಿ ಓಡಾಡಬೇಕಿತ್ತು."

ಸಾಗರದ ಬಸ್ಸು ಹಾರ್ನ್ ಹೊಡೆದು ಹೋಯಿತು.

ಹುಚ್ಚಮ್ಮ ಬುಟ್ಟಿಗೆ ಒದ್ದೆ ಬಟ್ಟೆ ಮುಚ್ಚಿದಳು. ಸಾಹುಕಾರರ ಮುಖ ನೋಡಿ ಒಂದೇ ಮಾತು ಕೇಳಿದಳು. "ಅವನಿಗೆ ಆ ಕೆಲಸ ಸಿಕ್ತಾ?"

"ಇಲ್ಲ," ಅಂದರು ಸಾಹುಕಾರರು. "ಸಿಗೋದೂ ಇಲ್ಲ."

"ಹಂಗಾದ್ರೆ ನಡೀರಿ ಪೊಲೀಸ್ ಸ್ಟೇಷನ್ನಿಗೆ." ಅವಳು ಎದ್ದು ಸೆರಗು ಸಿಕ್ಕಿಸಿದಳು. "ದಾರಿ ತೋರ್ಸೋದು ಬೇಡ. ಗಂಡನಿಗೆ ಬುತ್ತಿ ಒಯ್ದು ರೂಢಿ ಐತಿ."