ಬಯಲಿನ ಬಲಿಪೀಠ

ಮೈಮೇಲೆ ಮಾರಮ್ಮ ಬಂದವಳ ಹಾಗೆ ಮಧುಶ್ರೀ ಹುಣಸೂರು ಬಸ್ ಸ್ಟ್ಯಾಂಡ್ ಎದುರಿನ ಡಿಟಿಪಿ ಅಂಗಡಿಗೆ ನುಗ್ಗಿ, ಬೈಂಡ್ ಮಾಡಿದ ಪ್ರಬಂಧವನ್ನು ಕೀಬೋರ್ಡ್ ಮೇಲೇ ಕುಕ್ಕಿದಳು.

"ಏನ್ರೀ ಇದು, ಚೆಲುವರಾಜು?"

ಗ್ರೀಕ್, ರೋಮನ್ ದೇವಾಲಯಗಳು ಮತ್ತು ಕಾವ್ಯತಂತ್ರ. ಎರಡು ವರ್ಷ ರಾವಂದೂರಿನಿಂದ ಬಸ್ಸಲ್ಲಿ ನಿಂತು ಬಂದು, ಎಂ.ಎ.ಗೆಂದು ಓದಿ ಬರೆದದ್ದು. ಟೈಪ್ ಮಾಡಿದ್ದು ಈ ಮಹಾನುಭಾವ. ನಂಬಿಕೆಯಿಂದ, ತಿರುವಿಯೂ ನೋಡದೆ ಗೈಡ್ ಕೈಗೆ ಕೊಟ್ಟಿದ್ದಳು.

"ಬಲಿಪೀಠ ಗುಡಿಯ ಹೊರಗೆ, ಬಯಲಲ್ಲಿ ಇರ್ತಿತ್ತು ಅಂತ ಬರ್ದಿದ್ದೆ. 'ಒಳಗೆ' ಮಾಡಿದ್ದೀರಲ್ಲ! ಹನ್ನೊಂದು ಕಡೆ! ಬೇಸಿಕ್ಕೇ ಗೊತ್ತಿಲ್ಲ ಅಂತ ಗೈಡ್ ಸೈನ್ ಹಾಕ್ಲಿಲ್ಲ. ಇವತ್ತು ನಾಲ್ಕು ಗಂಟೆಗೆ ಲಾಸ್ಟ್!"

ಚೆಲುವರಾಜುವಿನ ಮುಖ ಪೆಚ್ಚಾಯಿತು. "ಅವಸರದಲ್ಲಿ ತಪ್ಪು ಬರ್ದಿದ್ದೀರಿ ಅನ್ಕೊಂಡೆ. ದೇವ್ರನ್ನ ಒಳಗಿಟ್ಟು ಹೊರಗೆ ಪೂಜೆ ಮಾಡ್ತಾರಾ ಅಂತ..."

"ನಿಮ್ಮೂರಲ್ಲಿ ಮಾರಮ್ಮನಿಗೆ ಮರಿ ಕಡಿಯೋದೆಲ್ಲಿ? ಗರ್ಭಗುಡೀಲಾ?"

"ಹೊರ್ಗೆ."

"ಮತ್ತೆ? ಗ್ರೀಕರು ಅಂದ ತಕ್ಷಣ ನಮ್ಮಂಥೋರಲ್ಲ ಅಂತಾನಾ?" ಅವಳ ಮೂಗಿನ ತುದಿ ಕೆಂಪಾಗಿತ್ತು. ಅವನು ಅದನ್ನೇ ನೋಡುತ್ತಿದ್ದುದು ಕಂಡು ಮೈಯೆಲ್ಲ ಉರಿಯಿತು. "ಟೈಪ್ ಮಾಡೋರಿಗೆ ಓದೋ ಉಸಾಬರಿ ಯಾಕ್ರೀ?"

"ನೂರಾರು ಪ್ರಬಂಧ ಟೈಪ್ ಮಾಡಿವ್ನಿ. ಓದಿದ್ದು ನಿಮ್ದೊಂದೇ." ಅವನು ತಲೆ ತಗ್ಗಿಸಿದ. "ಯುದ್ಧದ ವರ್ಣನೆ ನಡುವೆ ಆ ಗ್ರೀಕ್ ಕವಿ ಕಣದಲ್ಲಿ ಹೊಟ್ಟು ತೂರೋ ಉಪಮೆ ತತ್ತಾನಲ್ಲ, ಆ ಪುಟ ಮೂರು ಸಲ ಓದ್ದೆ. ನಮ್ಮವ್ವನ್ನೇ ಕಂಡಂಗಾಯ್ತು. ಆಮೇಲೆ... ಬರೆದೋರ ಮೇಲೂ ಮನಸ್ಸಾಯ್ತು ಕಣ್ರೀ."

ಮಧುಶ್ರೀ ಗೋಡೆಯ ಗಡಿಯಾರ ನೋಡಿದಳು. ಅಬ್ಬಾ, ಮನೆಗೆ ಬೆಂಕಿ ಬಿದ್ದಿರುವಾಗ ಹೇಳುವ ಮಾತೇ ಇದು!

"ಮೊದ್ಲು ಟೈಪ್ ಮಾಡಿ!"

ಮಾಡಿದ. ಹನ್ನೊಂದೂ ಕಡೆ ಸರಿಪಡಿಸಿ, ಮತ್ತೆ ಪ್ರಿಂಟ್ ತೆಗೆದು ಬೈಂಡ್ ಮಾಡಿ, ಝೆರಾಕ್ಸ್‌ಗೆ ನಿಂತವರನ್ನೆಲ್ಲ ಕಳಿಸಿ ಶಟರ್ ಎಳೆದ. ಬೀರುವಿನಲ್ಲಿ ಜೋಪಾನವಾಗಿಟ್ಟಿದ್ದ ಅವಳ ಕೈಬರಹದ ಹಾಳೆಗಳನ್ನೂ ತೆಗೆದುಕೊಂಡು ಅವಳ ಜೊತೆ ಕಾಲೇಜಿಗೆ ಹೋದ. ಗೈಡ್ ಮುಂದೆ ಕೈಕಟ್ಟಿ ನಿಂತು, "ತಪ್ಪು ನಂದು ಸಾರ್. ಇವ್ರು ಸರಿಯಾಗೇ ಬರ್ದಿದ್ರು, ನೋಡಿ" ಎಂದು ಹಾಳೆಗಳನ್ನು ಚಾಚಿದ. ಗೈಡ್ ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿ, "ಭಾರಿ ಬುದ್ಧಿವಂತ ಕಣಯ್ಯ ನೀನು!" ಎಂದು ಅವನಿಗೆ ಗೊಣಗಿ ಸೈನ್ ಹಾಕಿದರು.

ಮೆಟ್ಟಿಲಿಳಿಯುವಾಗ ಮಧುಶ್ರೀ ಅವನ ಕಡೆ ನೋಡದೆ ಹೇಳಿದಳು. "ಭಾನುವಾರ ಊರಿಗೆ ಬಂದು ನಮ್ಮಪ್ಪನ್ನ ಕಂಡು ಮಾತಾಡಿ."

ಅವನ ಕಾಲು ಅಲ್ಲೇ ನಿಂತಿತು. "ಅಂದ್ರೆ, ಕೋಪ ಇಳೀತಾ?"

"ಎಲ್ಲಿ ಇಳೀತದೆ? ಇನ್ನೂ ಉರೀತಾ ಇದೀನಿ. ಆದ್ರೂ ಬನ್ನಿ."